ತೊಟ್ಟಿಯಿಂದ ತೋಡಿಗೆ ಬಂದ ಕಳೆ

ವಿದ್ಯಾರ್ಥಿಗಳೇ, ಕೇರಳದಲ್ಲಿ ‘ಆಫ್ರಿಕನ್ ಪಾಯಲ್’ ಎಂದು ಕರೆಯುವ ನೀರುಗಿಡದ ಹೆಸರನ್ನು ನೀವು ಕೇಳಿರಬಹುದು. ಹೆಸರು ಆಫ್ರಿಕದ್ದಾದರೂ ಇದರ ತವರು ದಕ್ಷಿಣ ಅಮೆರಿಕದ ಬ್ರೆಜಿಲ್. ಸಸ್ಯಶಾಸ್ತ್ರದಲ್ಲಿ ಇದು ಸಾಲ್ವೀನಿಯಾ ಮೊಲೆಸ್ಟಾ. ಜರಿಗಿಡಗಳ ಗುಂಪಿಗೆ ಸೇರಿದ ತೇಲುಸಸ್ಯ. ಅಂದಕ್ಕೆಂದು ಕೊಳ, ಮೀನುತೊಟ್ಟಿಗಳಲ್ಲಿ ಬೆಳೆಸಿದ ಈ ಗಿಡ ಹೊರಬಿದ್ದು ಹಲವು ದೇಶಗಳ ಕೆರೆ ಹೊಳೆಗಳನ್ನು ಸೇರಿತು.

ಇದಕ್ಕೆ ಹೂವಿಲ್ಲ, ಬೀಜವಿಲ್ಲ. ಬೇರೂ ಇಲ್ಲ; ಬೇರಿನಂತೆ ಇಳಿಬಿದ್ದಿರುವುದು ಮಾರ್ಪಟ್ಟ ಎಲೆ. ಆದರೆ ಮುರಿದ ತುಂಡೇ ಹೊಸ ಗಿಡವಾಗುತ್ತದೆ. ಅನುಕೂಲವಿದ್ದರೆ ಕೆಲವೇ ದಿನಗಳಲ್ಲಿ ಒಂದು ಎರಡಾಗುತ್ತದೆ. ಹೀಗೆ ನೀರನ್ನು ದಟ್ಟವಾಗಿ ಹೊದ್ದುಕೊಂಡಾಗ ಒಳಗೆ ಬೆಳಕೂ ಆಮ್ಲಜನಕವೂ ತಗ್ಗಿ ಮೀನುಗಳು ಸಾಯುತ್ತವೆ. ಕುಟ್ಟನಾಡಿನಲ್ಲಿ ಇದು ಗದ್ದೆಗಳನ್ನೂ ದೋಣಿ ಸಾಗುವ ತೋಡುಗಳನ್ನೂ ಮುಚ್ಚಿಬಿಟ್ಟಿತ್ತು.

ಕಿತ್ತಷ್ಟೂ ಬೆಳೆಯುವ ಈ ಕಳೆಗೆ ಮದ್ದಾದದ್ದು ಅದರ ತವರಿನದೇ ಒಂದು ಮೂತಿಹುಳು. ಉದ್ದ ಸುಮಾರು 2 ಮಿಲಿಮೀಟರ್. ಆಹಾರ ಈ ಗಿಡವೇ. 1982ರಲ್ಲಿ ಅದನ್ನು ಆಸ್ಟ್ರೇಲಿಯದಿಂದ ತರಿಸಿ, ಬೆಂಗಳೂರಿನ ಕೊಳವೊಂದರಲ್ಲಿ ಪರೀಕ್ಷಿಸಿ, ಬಳಿಕ ಕೇರಳದಲ್ಲಿ ಬಿಡಲಾಯಿತು. ಹಲವೆಡೆ ಕಳೆ ಹಿಡಿತಕ್ಕೆ ಬಂತು.

ಆದರೆ ಎಲ್ಲ ಕಳೆಗೂ ಇಂಥ ಹುಳು ಸಿಕ್ಕೀತೇ? ಆದ್ದರಿಂದ ತೊಟ್ಟಿ ತೊಳೆಯುವಾಗ ಹೆಚ್ಚಾದ ಗಿಡವನ್ನು ತೋಡಿಗೆ ಎಸೆಯಬೇಡಿ. ಬಿಸಿಲಲ್ಲಿ ಪೂರ್ತಿ ಒಣಗಿಸಿ ತೆಂಗಿನ ಬುಡಕ್ಕೆ ಹಾಕಿ. ಮನೆಯ ಹಿರಿಯರಿಗೂ ಇದನ್ನು ತಿಳಿಸಿ.