ಎಳೆಗೂಸಿನ ಎದೆಬಡಿತ ತಪ್ಪಿದರೆ

ನವಜಾತ ಶಿಶುವಿನ ಹೃದಯ ಎಚ್ಚರವಿದ್ದಾಗ ನಿಮಿಷಕ್ಕೆ ಸುಮಾರು 100ರಿಂದ 160 ಬಾರಿ ಬಡಿಯುತ್ತದೆ. ನಿದ್ದೆಯಲ್ಲಿ ಇಳಿಯುತ್ತದೆ, ಅತ್ತಾಗ ಏರುತ್ತದೆ. ನಡುನಡುವೆ ಒಂದು ಬಡಿತ ತಪ್ಪಿದಂತಿದ್ದರೆ, ಬಹುತೇಕ ಅದು ಹೃದಯದ ಮೇಲ್ಕೋಣೆಯಿಂದ ಅವಸರವಾಗಿ ಹೊರಟ ಬಡಿತ. ಹೆಚ್ಚಿನ ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ಆದರೆ ಇಸಿಜಿ ಮಾಡಿಸದೆ ಹಾಗೆಂದು ತೀರ್ಮಾನಿಸುವಂತಿಲ್ಲ.

ಮಗು ಶಾಂತವಾಗಿದ್ದಾಗಲೂ ಬಡಿತ 220 ದಾಟಿದರೆ ಅಥವಾ ಎಚ್ಚರವಿದ್ದರೂ 80ಕ್ಕಿಂತ ಕೆಳಗೇ ಉಳಿದರೆ ಅಪಾಯ. ಎಣಿಸಲು ಬಾರದಿದ್ದರೂ ತಾಯಂದಿರು ಲಕ್ಷಣ ಗುರುತಿಸಬಹುದು: ಹಾಲು ಬಿಡುವುದು, ಕುಡಿಯುವಾಗ ಬೆವರುವುದು, ಏದುಸಿರು, ಮೈ ಬಿಳಿಚುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದಿರುವುದು.

ನಬ್ಜ್ ನೋಡುವುದು ಯುನಾನಿ ವೈದ್ಯದ ಜೀವಾಳ. ಆದರೂ ಎಳೆಗೂಸಿನ ಈ ತೊಂದರೆಗೆ ಬೆರಳು ಸಾಲದು. ಇಸಿಜಿ ಬೇಕು, ಅಗತ್ಯವಿದ್ದರೆ ಎಕೋ ಕೂಡ. ದೊಡ್ಡವರ ಖಮೀರಾ ನೆಕ್ಕಿಸಬೇಡಿ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವೂ ಬೇಡ.

ನಜರ್ ತಾಗಿದೆಯೆಂದು ಬೆಳಗಿನವರೆಗೆ ಕಾಯಬೇಡಿ. ದುಆ ಮಾಡಿ, ಜೊತೆಗೇ 108ಕ್ಕೆ ಕರೆ ಮಾಡಿ. ಸಿರುಗುಪ್ಪ, ಕುರುಗೋಡಿನವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಬಳ್ಳಾರಿಗೆ ಕಳಿಸಿದರೆ ತಡಮಾಡದೆ ಹೊರಡಿ. ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಮಗು ನಮ್ಮ ಕೈಗೆ ಬಂದ ಅಮಾನತ್.