ಅರಿತ ಅಪಾಯವೂ ಬಾರದ ರೋಗವೂ

ಮುಂದೆ ಬರಬಹುದಾದುದನ್ನು ಈಗಲೇ ತಿಳಿಯಬೇಕೆಂಬ ಹಂಬಲವು ಮನುಷ್ಯನಿಗೆ ಹೊಸತಲ್ಲ. ಜಾತಕವನ್ನು ಬರೆಸುವವರೂ ಶಕುನವನ್ನು ಕೇಳುವವರೂ ಎಲ್ಲ ಕಾಲದಲ್ಲಿಯೂ ಇದ್ದಾರೆ. ಅವರು ಹೇಳಿದ್ದನ್ನು ನಂಬುವುದೂ ಬಿಡುವುದೂ ಕೇಳಿದವನ ಇಚ್ಛೆಗೆ ಸೇರಿದ್ದು. ಆದರೆ ಈಗ ಬೇರೊಂದು ಬಗೆಯ ಭವಿಷ್ಯಜ್ಞಾನವು ಮನೆಯ ಬಾಗಿಲಿಗೆ ಬಂದಿದೆ. ಅದನ್ನು ಹಾಗೆ ಸುಲಭವಾಗಿ ತಳ್ಳಿಹಾಕುವಂತಿಲ್ಲ. ಚಿಕ್ಕದೊಂದು ಕೊಳವೆಯಲ್ಲಿ ಉಗುಳನ್ನು ತುಂಬಿ ಕಳುಹಿಸಿದರೆ, ಕೆಲವು ವಾರಗಳಲ್ಲಿ ವರದಿಯು ಕೈಸೇರುತ್ತದೆ. ಅಮೆರಿಕದಲ್ಲಿ 2017ರಿಂದ ಈಚೆಗೆ ವೈದ್ಯರ ಚೀಟಿಯಿಲ್ಲದೆಯೂ ಈ ಪರೀಕ್ಷೆಯನ್ನು ಮಾಡಿಸಿಕೊಳ್ಳಬಹುದಾಗಿದೆ. ಮುಪ್ಪಿನಲ್ಲಿ ನೆನಪನ್ನು ಕಬಳಿಸುವ ಆಲ್ಝೈಮರ್ ರೋಗದ ಅಪಾಯವು ನಿನ್ನ ವಂಶವಾಹಿಯಲ್ಲಿ ಅಡಗಿದೆ ಎಂದು ಆ ವರದಿಯು ಹೇಳಿತೆಂದು ಇಟ್ಟುಕೊಳ್ಳೋಣ. ಓದಿದವನ ದೇಹದಲ್ಲಿ ನಿನ್ನೆಗೂ ಇಂದಿಗೂ ಭೇದವಿಲ್ಲ. ಊಟ, ನಿದ್ರೆ, ಉದ್ಯೋಗ ಎಲ್ಲವೂ ಮೊದಲಿನಂತೆಯೇ ಇವೆ. ಮನಸ್ಸು ಮಾತ್ರ ಮೊದಲಿನಂತಿಲ್ಲ. ಇಂಥ ಅರಿವನ್ನು ಹೊತ್ತು ಬಾಳುವ ಬಗೆ ಹೇಗೆ ಎಂಬುದೇ ಪ್ರಕೃತ ವಿಚಾರ.

ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬಹುದು. ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ 51 ವಯಸ್ಸಿನ ಓರ್ವ ಸ್ತ್ರೀಯನ್ನು ಪರೀಕ್ಷಿಸಿದನು. ಆಕೆ 1906ರಲ್ಲಿ ಮರಣಹೊಂದಿದ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಿಂದ ನೋಡಿ, ನರಕೋಶಗಳ ನಡುವೆ ಗಟ್ಟಿಕಟ್ಟಿದ ಮಡ್ಡಿಯನ್ನೂ ಕೋಶಗಳೊಳಗೆ ಸಿಕ್ಕುಬಿದ್ದ ಎಳೆಗಳನ್ನೂ ಕಂಡನು. ಎಮಿಲ್ ಕ್ರೇಪೆಲಿನ್ ಎಂಬ ಹಿರಿಯ ವೈದ್ಯನು 1910ರಲ್ಲಿ ತನ್ನ ಗ್ರಂಥದಲ್ಲಿ ಆ ರೋಗಕ್ಕೆ ಆಲ್ಝೈಮರನ ಹೆಸರನ್ನೇ ಇಟ್ಟನು. ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆಗಳು ಇವೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿದೆ. ಅವುಗಳಲ್ಲಿ ಆಲ್ಝೈಮರ್ ರೋಗವೇ ಪ್ರಧಾನವಾದುದು.

ಇನ್ನು ವಂಶವಾಹಿಯ ಮಾತು. 19ನೆಯ ವರ್ಣತಂತುವಿನಲ್ಲಿ ಎಪೋ-ಇ ಎಂಬ ವಂಶವಾಹಿಯೊಂದಿದೆ. ಅದಕ್ಕೆ ಇ-2, ಇ-3, ಇ-4 ಎಂಬ ಮೂರು ರೂಪಗಳು. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಪ್ರತಿಯೊಬ್ಬನಲ್ಲಿಯೂ ಎರಡು ಪ್ರತಿಗಳು ಇರುತ್ತವೆ. ಇ-4 ರೂಪಕ್ಕೂ ಆಲ್ಝೈಮರ್ ರೋಗಕ್ಕೂ ಸಂಬಂಧವುಂಟೆಂದು 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿಕೊಟ್ಟರು. ಇ-4 ಒಂದು ಪ್ರತಿಯಿದ್ದರೆ ಅಪಾಯವು ಎರಡು ಮೂರು ಪಟ್ಟು, ಎರಡು ಪ್ರತಿಗಳಿದ್ದರೆ ಎಂಟರಿಂದ ಹನ್ನೆರಡು ಪಟ್ಟು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ಲೆಕ್ಕವು ಬಹುಮಟ್ಟಿಗೆ ಯುರೋಪು ಮೂಲದವರನ್ನು ನೋಡಿ ಮಾಡಿದ್ದು. ಆಫ್ರಿಕಾ ಮೂಲದವರಲ್ಲಿ ಇ-4ರ ಪ್ರಭಾವವು ಇದಕ್ಕಿಂತ ಕಡಿಮೆಯೆಂದೂ ಜಪಾನೀಯರಲ್ಲಿ ಹೆಚ್ಚೆಂದೂ ಕಂಡುಬಂದಿದೆ. ಆದುದರಿಂದ ಭಾರತೀಯನೊಬ್ಬನು ಆ ಸಂಖ್ಯೆಯನ್ನು ಹಾಗೆಯೇ ಎತ್ತಿಕೊಂಡು ತನ್ನ ಹಣೆಗೆ ಹಚ್ಚಿಕೊಳ್ಳುವುದು ಯುಕ್ತವಲ್ಲ.

ಇಲ್ಲಿ ತರ್ಕಶಾಸ್ತ್ರದ ಒಂದು ವಿವೇಚನೆಯು ಬಹಳ ಉಪಯುಕ್ತವಾಗಿದೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬುದು ವ್ಯಾಪ್ತಿ, ಅದಕ್ಕೆ ಅಪವಾದವಿಲ್ಲ. ಬೆಂಕಿಯಿದ್ದಲ್ಲಿ ಹೊಗೆಯಿದೆ ಎಂದರೆ ಅದು ವ್ಯಾಪ್ತಿಯಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೆಂಕಿಗೆ ಹಸಿಕಟ್ಟಿಗೆಯ ಸಂಯೋಗವಾದಾಗಲೇ ಹೊಗೆಯೇಳುವುದು. ಆ ಹಸಿಕಟ್ಟಿಗೆಯನ್ನೇ ನೈಯಾಯಿಕರು ಉಪಾಧಿಯೆಂದು ಕರೆದರು. ಇ-4 ಇದ್ದಲ್ಲಿ ರೋಗವಿದೆ ಎಂಬ ಮಾತೂ ಇಂಥದೇ. ಇ-4 ಉಳ್ಳ ಎಷ್ಟೋ ಜನರು ತುಂಬುಮುಪ್ಪಿನವರೆಗೆ ಸ್ವಸ್ಥವಾದ ಬುದ್ಧಿಯಿಂದ ಬಾಳಿದ್ದಾರೆ. ನಡುವೆ ಬೇರೆ ಕಾರಣಗಳು ಕೂಡಬೇಕು. ದೃಷ್ಟಾಂತವು ಸರ್ವಾಂಶದಲ್ಲಿಯೂ ಹೊಂದುವುದಿಲ್ಲವೆಂಬುದನ್ನೂ ಹೇಳಬೇಕು: ಇ-4 ಇಲ್ಲದವರಿಗೂ ಈ ರೋಗವು ಬರುತ್ತದೆ, ಎಂದರೆ ಇಲ್ಲಿ ಬೆಂಕಿಯಿಲ್ಲದೆಯೂ ಹೊಗೆ ಏಳುವುದುಂಟು. ಎರಡು ಪ್ರತಿಗಳುಳ್ಳವರಲ್ಲಿ 65ರ ವಯಸ್ಸಿಗೆ ಬಹುತೇಕ ಎಲ್ಲರಲ್ಲಿಯೂ ರೋಗದ ದೈಹಿಕ ಲಕ್ಷಣಗಳು ಕಾಣುತ್ತವೆಂದು 2024ರ ಒಂದು ಅಧ್ಯಯನವು ಹೇಳಿದೆ, ಇದನ್ನು ಮರೆಮಾಚಬೇಕಾದುದಿಲ್ಲ. ಆದರೂ ಮಿದುಳಿನಲ್ಲಿ ಮಡ್ಡಿ ಕಾಣುವುದು ಬೇರೆ, ಬುದ್ಧಿ ಮಸುಕಾಗುವುದು ಬೇರೆ.

ವ್ಯಾಪ್ತಿಗೆ ಸಮೀಪವಾದ ಉದಾಹರಣೆಯೂ ಲೋಕದಲ್ಲಿ ಇಲ್ಲದಿಲ್ಲ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಆಂಟಿಯೋಕಿಯಾ ಪ್ರಾಂತ್ಯದಲ್ಲಿ ಸುಮಾರು ಆರು ಸಾವಿರ ಜನರ ಒಂದು ಬಂಧುವರ್ಗವಿದೆ. ಅವರಲ್ಲಿ ಕೆಲವರಿಗೆ 14ನೆಯ ವರ್ಣತಂತುವಿನ ಪ್ರೆಸೆನಿಲಿನ್-1 ಎಂಬ ವಂಶವಾಹಿಯಲ್ಲಿ ಒಂದು ದೋಷ. ಅದುಳ್ಳವರಿಗೆ ನಲವತ್ತರ ನಡುವಿನಲ್ಲಿಯೇ ಮರೆವು ತೊಡಗುತ್ತದೆ. ತಂದೆತಾಯಿಗಳಲ್ಲಿ ಒಬ್ಬರಿಗೆ ದೋಷವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವವು ಅರ್ಧಕ್ಕರ್ಧ. 2024ರಲ್ಲಿ ನಿಧನಹೊಂದಿದ ಫ್ರಾನ್ಸಿಸ್ಕೋ ಲೊಪೇರಾ ಎಂಬ ವೈದ್ಯನು ದಶಕಗಳ ಕಾಲ ಈ ಕುಟುಂಬಗಳ ಬೆನ್ನುಬಿಡದೆ ಅಧ್ಯಯನ ನಡೆಸಿದನು. ಆ ಬಂಧುವರ್ಗದಲ್ಲಿಯೂ ಒಬ್ಬಳು ಸ್ತ್ರೀ, ಅದೇ ದೋಷವಿದ್ದರೂ, ಎಪೋ-ಇ ವಂಶವಾಹಿಯ ಮತ್ತೊಂದು ಅಪರೂಪದ ಮಾರ್ಪಾಟಿನ ಬಲದಿಂದ ಎಪ್ಪತ್ತು ಸಮೀಪಿಸುವವರೆಗೆ ಬುದ್ಧಿ ಕೆಡದೆ ಇದ್ದುದು 2019ರಲ್ಲಿ ಪ್ರಕಟವಾಯಿತು. ಇಂಥ ಕುಲದೋಷದಿಂದ ಬರುವ ರೋಗವು ಒಟ್ಟು ರೋಗಿಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ವರದಿಯನ್ನು ಕೈಯಲ್ಲಿ ಹಿಡಿದವನು ಮೊದಲು ಕೇಳಬೇಕಾದ ಪ್ರಶ್ನೆ ಇದು: ತನ್ನದು ಆ ಬಗೆಯೋ ಈ ಬಗೆಯೋ? ಭೀತರಾದವರು ಪ್ರಾಯಶಃ ಈ ಭೇದವನ್ನೇ ಕೇಳಿರುವುದಿಲ್ಲ.

ತಿಳಿಯುವುದು ಲೇಸೋ ತಿಳಿಯದಿರುವುದು ಲೇಸೋ ಎಂಬಲ್ಲಿ ಬಲ್ಲವರಲ್ಲಿಯೇ ಮತಭೇದವಿದೆ. ಡಿಎನ್‌ಎಯ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬನಾದ ಜೇಮ್ಸ್ ವಾಟ್ಸನ್ 2007ರಲ್ಲಿ ತನ್ನ ವಂಶವಾಹಿಗಳನ್ನೆಲ್ಲ ಓದಿಸಿ ಲೋಕಕ್ಕೆ ಪ್ರಕಟಪಡಿಸಿದನು. ಎಪೋ-ಇ ಒಂದನ್ನು ಮಾತ್ರ ತನಗೂ ಹೇಳಬಾರದು, ಪ್ರಕಟಿಸಲೂ ಬಾರದು ಎಂದನು. ವಂಶವಾಹಿಯ ವಿದ್ಯೆಗೆ ಅಡಿಗಲ್ಲಿಟ್ಟವನೇ ಒಂದು ಪುಟವನ್ನು ಮುಚ್ಚಿಡಿಸಿದನೆಂಬುದು ಗಮನಾರ್ಹ. ಅದನ್ನು ಅಂಜಿಕೆಯೆಂದು ಹಳಿಯಲಾಗದು. ತಿಳಿಯದಿರುವ ಹಕ್ಕು ಎಂಬುದೂ ಒಂದಿದೆ.

ತಿಳಿದವರ ಗತಿಯೇನಾಯಿತೆಂಬುದನ್ನೂ ಪರೀಕ್ಷಿಸಿದ್ದಾರೆ. ಈ ರೋಗಕ್ಕೆ ತುತ್ತಾದವರ ಮಕ್ಕಳು 162 ಜನರಿಗೆ ಅಪಾಯದ ವಿವರಣೆಯನ್ನಿತ್ತು, ಕೆಲವರಿಗೆ ಇ-4ರ ಫಲವನ್ನು ಹೇಳಿ, ಕೆಲವರಿಗೆ ಹೇಳದೆ, ಒಂದು ವರ್ಷ ಗಮನಿಸಿದ ಅಮೆರಿಕದ ಅಧ್ಯಯನದ ಫಲವು 2009ರಲ್ಲಿ ಹೊರಬಂದಿತು. ಇ-4 ಇದೆಯೆಂದು ತಿಳಿದವರು ಆತಂಕದಲ್ಲಿ ಮುಳುಗಿ ಕಂಗೆಡುವರೆಂಬ ಹೆದರಿಕೆಯು ನಿಜವಾಗಲಿಲ್ಲ. ತಿಳಿದವರಿಗೂ ತಿಳಿಯದವರಿಗೂ ಖಿನ್ನತೆಯಲ್ಲಾಗಲಿ ಕಳವಳದಲ್ಲಾಗಲಿ ಹೇಳಿಕೊಳ್ಳುವಂಥ ಅಂತರವು ಕಾಣಲಿಲ್ಲ. ಅವರಿಗೆ ಫಲವನ್ನು ಹೇಳಿದ್ದು ಅಂಚೆಯ ಕಾಗದವಲ್ಲ. ಬಲ್ಲವರು ಎದುರಿಗೆ ಕುಳಿತು ವಿವರಿಸಿದ್ದರು. ಒಂಟಿಯಾಗಿ ವರದಿಯನ್ನು ಓದಿದವನ ಸ್ಥಿತಿಗೂ ಇದಕ್ಕೂ ಸಾಮ್ಯವಿಲ್ಲ.

ಆದರೆ 2014ರಲ್ಲಿ ಕ್ಯಾಲಿಫೋರ್ನಿಯದಿಂದ ಹೊರಬಂದ ಮತ್ತೊಂದು ಅಧ್ಯಯನವು ಇದಕ್ಕಿಂತ ಆಳವಾದ ಸಂಗತಿಯನ್ನು ಬೆಳಕಿಗೆ ತಂದಿದೆ. ಅದರಲ್ಲಿ ಭಾಗವಹಿಸಿದ ವೃದ್ಧರೆಲ್ಲರೂ ಬುದ್ಧಿ ನೆಟ್ಟಗಿದ್ದವರು. ಕೆಲವರಿಗೆ ತಮ್ಮ ಎಪೋ-ಇ ರೂಪವು ಗೊತ್ತಿತ್ತು, ಕೆಲವರಿಗೆ ಗೊತ್ತಿರಲಿಲ್ಲ. ಇ-4 ಇದ್ದು ಅದನ್ನು ಬಲ್ಲವರು, ಇ-4 ಇದ್ದೂ ಅದನ್ನು ಅರಿಯದವರಿಗಿಂತ ತಮ್ಮ ಜ್ಞಾಪಕಶಕ್ತಿಯನ್ನು ಕೀಳಾಗಿ ಎಣಿಸಿದರು. ಅಷ್ಟೇ ಅಲ್ಲ, ನೆನಪಿನ ಪರೀಕ್ಷೆಯಲ್ಲಿಯೂ ಹಿಂದೆಬಿದ್ದರು. ಎರಡು ಗುಂಪಿಗೂ ವಂಶವಾಹಿ ಒಂದೇ, ರೋಗ ಎರಡಕ್ಕೂ ಇಲ್ಲ. ಅಂತರವಿದ್ದುದು ಅರಿವಿನಲ್ಲಿ ಮಾತ್ರ. ಬಾರದ ರೋಗವು ಭಾವನೆಯ ಮೂಲಕ ಬಂದು ಕೆಲಸಮಾಡಿತೆನ್ನಬೇಕು. ಹಗ್ಗವನ್ನು ಕಂಡು ಹಾವೆಂದವನ ಎದೆ ಬಡಿದುಕೊಳ್ಳುವುದು ಸುಳ್ಳಲ್ಲವಷ್ಟೆ.

ಆದುದರಿಂದ ಅಪಾಯವನ್ನರಿತವನಿಗೆ ಎದುರಾಗುವ ಮೊದಲ ವೈರಿಯು ರೋಗವಲ್ಲ. ತನ್ನನ್ನು ತಾನೇ ಕಾಯುವ ಕಾವಲು. ಬೀಗದಕೈಯನ್ನು ಎಲ್ಲಿಟ್ಟೆನೆಂದು ಎಲ್ಲರೂ ಹುಡುಕುತ್ತಾರೆ. ಬೀದಿಯಲ್ಲಿ ಎದುರಾದ ಪರಿಚಿತನ ಹೆಸರು ನಾಲಗೆಯ ತುದಿಗೆ ಬಂದು ನಿಲ್ಲುವುದೂ, ಒಳಮನೆಗೆ ಹೋಗಿ ಏತಕ್ಕೆ ಬಂದೆನೆಂದು ನಿಲ್ಲುವುದೂ ನಿತ್ಯದ ಸಂಗತಿ. ನಿನ್ನೆಯವರೆಗೆ ನಕ್ಕು ಮರೆಯುತ್ತಿದ್ದ ಇವುಗಳನ್ನೇ ಇಂದು ರೋಗದ ದೂತರೆಂದು ಎಣಿಸತೊಡಗಿದರೆ ದಿನವೊಂದಕ್ಕೆ ಹತ್ತು ಸಾಕ್ಷಿಗಳು ದೊರೆಯುತ್ತವೆ. ರೋಗದ ಮರೆವಿನ ಲಕ್ಷಣವು ಬೇರೆ. ಕೇಳಿದ ಪ್ರಶ್ನೆಯನ್ನೇ ಗಳಿಗೆಗೊಮ್ಮೆ ಕೇಳುವುದು, ನಡೆದು ಸವೆದ ದಾರಿಯಲ್ಲಿ ದಿಕ್ಕುತಪ್ಪುವುದು, ನಲವತ್ತು ವರ್ಷ ಮಾಡಿದ ಅಡಿಗೆಯ ಕ್ರಮವು ಕೈತಪ್ಪುವುದು, ಇಂಥವು ಶಂಕೆಗೆ ಎಡೆಕೊಡತಕ್ಕವು. ಇವನ್ನು ಅನೇಕವೇಳೆ ತನಗಿಂತ ಮೊದಲು ಮನೆಯವರೇ ಕಾಣುತ್ತಾರೆ.

ಶರಣರ ಪರಿಭಾಷೆಯನ್ನು ಬಲ್ಲ ವಾಚಕರಿಗೆ ಒಂದು ಸೂಚನೆ. ಅರಿವು, ಮರವೆ ಎಂಬ ಶಬ್ದಗಳು ಅಲ್ಲಿ ಪದೇಪದೇ ಬರುತ್ತವೆ. ಅಲ್ಲಿಯ ಮರವೆಯೆಂದರೆ ತನ್ನ ನಿಜವನ್ನು ತಾನು ಮರೆತಿರುವುದು. ಸಾವಿರ ಶ್ಲೋಕಗಳನ್ನು ಕಂಠಪಾಠವಾಗಿ ಒಪ್ಪಿಸಬಲ್ಲವನಲ್ಲಿಯೂ ಅದು ಇರಬಹುದು. ಮಿದುಳು ಸವೆದು ಮಗನ ಹೆಸರನ್ನು ಮರೆತ ತಾಯಿಗೆ ಆ ಶಬ್ದವನ್ನು ಹಚ್ಚಿ, ಇದು ಹಿಂದಿನ ಕರ್ಮದ ಫಲವೆಂದು ನುಡಿಯುವುದು ಅಜ್ಞಾನ. ಅದಕ್ಕಿಂತ ಮಿಗಿಲಾಗಿ ನಿರ್ದಯೆ.

ಈ ಅರಿವು ಒಬ್ಬನದಾಗಿ ಉಳಿಯುವುದಿಲ್ಲವೆಂಬುದು ಮತ್ತೊಂದು ತೊಡಕು. ಆಸ್ಟ್ರೇಲಿಯದ ಚಿತ್ರನಟ ಕ್ರಿಸ್ ಹೆಮ್ಸ್‌ವರ್ತ್ ತನ್ನಲ್ಲಿ ಇ-4ರ ಎರಡು ಪ್ರತಿಗಳಿವೆಯೆಂದು 2022ರಲ್ಲಿ ಬಹಿರಂಗವಾಗಿ ಹೇಳಿಕೊಂಡನು. ಎರಡಿವೆಯೆಂದರೆ ತಾಯಿಯಲ್ಲಿ ಒಂದಾದರೂ ತಂದೆಯಲ್ಲಿ ಒಂದಾದರೂ ಇರಲೇಬೇಕು. ಅಂಥವನ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಒಂದು ಬಂದೇ ಬಂದಿರಬೇಕು. ಒಬ್ಬನು ತನ್ನ ಪುಟವನ್ನು ತೆರೆದರೆ ಕೇಳದವರ ಪುಟಗಳೂ ಅರ್ಧ ತೆರೆದುಕೊಳ್ಳುತ್ತವೆ. ಆದ್ದರಿಂದ ಒಡಹುಟ್ಟಿದವರನ್ನು ನಿನಗೆ ತಿಳಿಯಬೇಕೆಂಬ ಇಚ್ಛೆಯಿದೆಯೇ ಎಂದು ಮೊದಲು ಕೇಳಿ ಅನಂತರ ಹೇಳುವುದು ಸೌಜನ್ಯ. ಪ್ರಾಪ್ತವಯಸ್ಕರಾಗದ ಮಕ್ಕಳಿಗೆ ಇಂಥ ಪರೀಕ್ಷೆಯನ್ನು ಮಾಡಿಸಬಾರದೆಂಬುದು ವೈದ್ಯರ ಸಾಮಾನ್ಯ ಸಮ್ಮತಿ. ನಮ್ಮ ಕಡೆಯಲ್ಲಿ ಹೆಣ್ಣುಮಕ್ಕಳ ಸಂಬಂಧವನ್ನು ನೋಡುವಾಗ ಮನೆತನದ ಕಾಯಿಲೆಗಳನ್ನು ಪಿಸುಮಾತಿನಲ್ಲಿ ವಿಚಾರಿಸುವ ರೂಢಿಯಿದೆಯಲ್ಲ. ಅಪಾಯವನ್ನೇ ರೋಗವೆಂದು ತಿಳಿಯುವ ಬಾಯಿಗಳಿಗೆ ಇದು ಸಿಕ್ಕರೆ ಆಗುವ ಕೇಡನ್ನು ವಿವರಿಸಬೇಕಾಗಿಲ್ಲ. ಅಮೆರಿಕದಲ್ಲಿ 2008ರ ಕಾನೂನು ಉದ್ಯೋಗದಲ್ಲಿಯೂ ಆರೋಗ್ಯವಿಮೆಯಲ್ಲಿಯೂ ವಂಶವಾಹಿಯ ಕಾರಣದಿಂದ ಭೇದವೆಣಿಸುವುದನ್ನು ತಡೆದಿದೆ. ಜೀವವಿಮೆಗೆ ಆ ರಕ್ಷಣೆಯು ಅಲ್ಲಿಯೂ ಇಲ್ಲ.

ಹಾಗಾದರೆ ಮಾಡತಕ್ಕದ್ದೇನು? ಬೆಂಕಿಯನ್ನು ಆರಿಸಲಾಗದಿದ್ದರೂ ಹಸಿಕಟ್ಟಿಗೆಯನ್ನು ದೂರವಿಡಬಹುದು. ಲ್ಯಾನ್ಸೆಟ್ ಪತ್ರಿಕೆಯ ಮಂಡಲಿಯು 2024ರಲ್ಲಿ ಇಂಥ 14 ಉಪಾಧಿಗಳನ್ನು ಎಣಿಸಿದೆ. ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡು, ದೃಷ್ಟಿದೋಷ, ತಲೆಗೆ ಬೀಳುವ ಪೆಟ್ಟು, ಒಂಟಿತನ ಮೊದಲಾದವು ಆ ಪಟ್ಟಿಯಲ್ಲಿವೆ. ಇವೆಲ್ಲವೂ ಇಲ್ಲವಾದರೆ ಮರೆವಿನ ಕಾಯಿಲೆಗಳಲ್ಲಿ ನೂರಕ್ಕೆ ಸುಮಾರು 45ರಷ್ಟನ್ನು ತಡೆಯಲು ಇಲ್ಲವೆ ಮುಂದೂಡಲು ಸಾಧ್ಯವಿತ್ತೆಂದು ಅವರ ಗಣನೆ. ಕಿವಿ ಮಂದವಾದ ಹಿರಿಯರು ಶ್ರವಣಯಂತ್ರವನ್ನು ನಾಚಿಕೆಯಿಂದ ಪೆಟ್ಟಿಗೆಯಲ್ಲಿಡುವುದು ಅನೇಕ ಮನೆಗಳಲ್ಲಿ ಕಾಣುವ ಸಂಗತಿ. ಈ ಪಟ್ಟಿಯನ್ನು ಅವರಿಗೆ ಓದಿಹೇಳಬೇಕು. ಫಿನ್‌ಲೆಂಡಿನಲ್ಲಿ 60ರಿಂದ 77 ವಯಸ್ಸಿನ 1260 ಜನರನ್ನು ಆಯ್ದು, ಅರ್ಧದಷ್ಟು ಜನರಿಗೆ ಎರಡು ವರ್ಷ ಮಿತಾಹಾರ, ವ್ಯಾಯಾಮ, ಬುದ್ಧಿಯ ಅಭ್ಯಾಸ, ರಕ್ತದ ಒತ್ತಡದ ನಿಯಂತ್ರಣಗಳನ್ನು ಒಟ್ಟಿಗೆ ನಡೆಸಿದರು. ಅವರ ಬುದ್ಧಿಶಕ್ತಿಯು ಉಳಿದವರಿಗಿಂತ ಮೇಲಾದುದು 2015ರಲ್ಲಿ ಪ್ರಕಟವಾಯಿತು; ಆ ಲಾಭವು ಇ-4 ಉಳ್ಳವರಿಗೂ ದೊರೆಯಿತೆಂದು 2018ರಲ್ಲಿ ತಿಳಿದುಬಂದಿತು. ಕರ್ನಾಟಕದಲ್ಲಿಯೂ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಲಿನ ಹಳ್ಳಿಗಳ ಜನರನ್ನು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು ವರ್ಷಾನುವರ್ಷ ಪರೀಕ್ಷಿಸುತ್ತಿದ್ದಾರೆ. ನಮ್ಮ ಜನಕ್ಕೆ ತಕ್ಕ ಲೆಕ್ಕವು ಇಂಥ ಅಧ್ಯಯನಗಳಿಂದಲೇ ದೊರೆಯಬೇಕು.

ಔಷಧದ ವಿಷಯದಲ್ಲಿ ಆಸೆಯೂ ಎಚ್ಚರವೂ ಕೂಡಿರಬೇಕು. ಮಿದುಳಿನ ಮಡ್ಡಿಯನ್ನು ಕರಗಿಸುವ ಲೆಕಾನೆಮಾಬ್ ಎಂಬ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿಯು ದೊರೆಯಿತು. ಅದು ರೋಗದ ಆರಂಭದಲ್ಲಿರುವವರಿಗೆ ಮಾತ್ರ. ರೋಗವನ್ನು ನಿಲ್ಲಿಸುವುದಿಲ್ಲ, ಅದರ ನಡೆಯನ್ನು ತುಸು ನಿಧಾನಗೊಳಿಸುತ್ತದೆ. ಇ-4ರ ಎರಡು ಪ್ರತಿಗಳುಳ್ಳವರಲ್ಲಿ ಅದರಿಂದ ಮಿದುಳಿನ ಬಾವು, ರಕ್ತಸ್ರಾವಗಳ ಭಯವು ಹೆಚ್ಚು.

ಉಳಿದದ್ದು ಸಂಸಾರದ ವ್ಯವಸ್ಥೆ. ಆಸ್ತಿಯ ಕಾಗದಪತ್ರಗಳನ್ನು ಸರಿಪಡಿಸಿಡುವುದು, ತಾನು ಅಶಕ್ತನಾದರೆ ತನ್ನ ಪರವಾಗಿ ನಿರ್ಣಯಿಸುವವರಾರೆಂದು ಹೇಳಿಡುವುದು, ಇವು ಇ-4 ಇಲ್ಲದವನಿಗೂ ಬೇಕಾದವೇ. ಹೊಸದಾಗಿ ಬೇಕಾದುದು ಒಂದೇ. ಈಗ, ಬುದ್ಧಿ ನೆಟ್ಟಗಿರುವಾಗಲೇ, ವೈದ್ಯರಿಂದ ನೆನಪಿನ ಪರೀಕ್ಷೆಯೊಂದನ್ನು ಮಾಡಿಸಿ ಅದರ ಫಲವನ್ನು ಬರೆದಿಡಿಸಬೇಕು. ಅವರು ಹೇಳಿದ ಅವಧಿಗೆ ಮತ್ತೆ ಹೋಗಿ ಹೋಲಿಸಿನೋಡಬೇಕು. ಮನೆಯಲ್ಲಿ ನಂಬಿಕೆಯುಳ್ಳ ಒಬ್ಬರಿಗೆ, ಹೆಂಡತಿಗಾಗಲಿ ಹಿರಿಯ ಮಗಳಿಗಾಗಲಿ, ‘ಏನಾದರೂ ಕಂಡರೆ ಮುಚ್ಚಿಡದೆ ನನಗೆ ಹೇಳು’ ಎಂದು ಒಪ್ಪಿಸಿಬಿಡಬೇಕು. ಕಾವಲಿನ ಕೆಲಸವನ್ನು ಆ ಇಬ್ಬರಿಗೆ ವಹಿಸಿದ ಮೇಲೆ, ಬೀಗದಕೈ ಕಾಣದ ದಿನ ಅದನ್ನು ಹುಡುಕಿದರೆ ಸಾಕು.