ಪಕ್ಕದ ಸೀಟಿನಲ್ಲಿ ಕೂತವನ ಕೈಗೆ ಏನು ಸಿಗುತ್ತದೆ?



ವಾಹನ ಚಾಲನೆ ಕಲಿಸುವವನು ಗಾಡಿಯನ್ನು ಹತೋಟಿಗೆ ತರಲು ಅಥವಾ ನಿಲ್ಲಿಸಲು ಆಗುವಂಥ ಜಾಗದಲ್ಲಿ ಕೂತಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಸಂಕ್ರಾಂತಿಗೆ ಕೊಳ್ಳೇಗಾಲಕ್ಕೆ ಮಸ್ಟಾಂಗ್ ಕಾರನ್ನೇ ತಂದು, ಅಕ್ಕನ ಮಗಳಿಗೆ ಅದರಲ್ಲೇ ಡ್ರೈವಿಂಗ್ ಕಲಿಸುವುದಾಗಿ ಮಾತು ಕೊಟ್ಟಿರುವ ಅಳಿಯನು ಈ ನಿಯಮವನ್ನು ಓದಿರಲಾರನೆಂಬುದು ಈ ಪತ್ರ ಬರೆಯುತ್ತಿರುವ ಸೋದರಮಾವನ ಅನುಮಾನ. ಓದಿಯೂ ಮಾತು ಕೊಟ್ಟಿದ್ದರೆ ಅದು ಇನ್ನೂ ಕೆಟ್ಟದ್ದು.

ಎರಡೂ ಕಡೆಯ ಮಾತನ್ನು ತೂಗಿ ನೋಡುವುದೇ ಈ ಪತ್ರದ ಉದ್ದೇಶ. ಅಂಥ ಕಾರಿನಲ್ಲಿ ಏರ್‌ಬ್ಯಾಗುಗಳಿವೆ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇದೆ, ತಿರುವಿನಲ್ಲಿ ಗಾಡಿ ಹಾದಿ ತಪ್ಪಿದರೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಸರಿಪಡಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಯಿದೆ. ಮನೆಯ ಹಿಂದಿನ ಶೆಡ್ಡಿನಲ್ಲಿ ನಿಂತಿರುವ ಹಳೆಯ ಮಾರುತಿ 800ರಲ್ಲಿ ಇವುಗಳಲ್ಲಿ ಒಂದೂ ಇಲ್ಲವಾದ್ದರಿಂದ, ಮಸ್ಟಾಂಗೇ ಸುರಕ್ಷಿತವೆಂಬ ಅಳಿಯನ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

ಆದರೆ ಕಲಿಕೆಯೆಂಬುದು ಹೇಗೆ ನಡೆಯುತ್ತಿತ್ತೆಂಬುದನ್ನೂ ಅಳಿಯನು ತಿಳಿದಿರಬೇಕು. ರಾಮಾಪುರ, ಹನೂರಿನ ಕಡೆಯಿಂದ ಕೊಳ್ಳೇಗಾಲಕ್ಕೆ ರಾಗಿ ಮತ್ತು ಜೋಳದ ಮೂಟೆಗಳನ್ನು ತರುತ್ತಿದ್ದ ಲಾರಿಗೆ ಕ್ಲೀನರ್ ಆಗಿ ಸೇರಿದ ಸೋದರಮಾವನ ಕೈಗೆ ಬಹಳ ಕಾಲ ಸಿಕ್ಕಿದ್ದೆಂದರೆ ಏರಿನಲ್ಲಿ ಹಿಂದಿನ ಚಕ್ರಕ್ಕೆ ಕೊಡುವ ಮರದ ತುಂಡೊಂದೇ. ಉಸ್ತಾದರು, ಅಂದರೆ ಗಾಡಿಯ ಮುಖ್ಯ ಚಾಲಕರು, ಕೊಳ್ಳೇಗಾಲವು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೂ ನೆರೆಯ ಯಳಂದೂರು ಮೈಸೂರಿಗೂ ಸೇರಿದ್ದ, 1956ಕ್ಕೆ ಹಿಂದಿನ ಕಾಲದಲ್ಲಿ ಗಾಡಿ ಹಿಡಿದವರಾದ್ದರಿಂದ ಅವರ ಬೈಗುಳವೂ ಅರ್ಧ ತಮಿಳು, ಅರ್ಧ ಕನ್ನಡವಾಗಿತ್ತು. ಕೊನೆಗೊಮ್ಮೆ ಸ್ಟಿಯರಿಂಗ್ ಬಿಟ್ಟುಕೊಟ್ಟಾಗ ಅವರು ಎಡಗಡೆ ಕೂತು, ಎಡಗೈಯಲ್ಲಿ ಬೀಡಿ ಹಿಡಿದು, ಬಲಗೈಯನ್ನು ಹ್ಯಾಂಡ್‌ಬ್ರೇಕಿನ ಹಿಡಿಯ ಮೇಲಿಟ್ಟು, ಕಣ್ಣು ಅರೆಮುಚ್ಚಿ ಎಂಜಿನ್ನಿನ ಸದ್ದನ್ನು ಮಾತ್ರ ಆಲಿಸುತ್ತಿದ್ದರು; ಬೀಡಿ ಆರಿದರೂ ಆ ಬಲಗೈ ಅಲ್ಲಿಂದ ಅಲುಗುತ್ತಿರಲಿಲ್ಲ.

ಆ ಲಾರಿಗೆ ಡಬಲ್ ಕ್ಲಚ್ ಬೇಕಿತ್ತು: ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತಂದು, ಕಾಲು ತೆಗೆದು, ಎಂಜಿನ್ನಿಗೆ ತಕ್ಕಷ್ಟು ಆಕ್ಸಿಲರೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಹಾಕುವ ಕ್ರಮ. ತಪ್ಪಿದರೆ ಗೇರ್‌ಬಾಕ್ಸ್ ಕಿರುಚುತ್ತಿತ್ತು, ಅದರ ಹಿಂದೆಯೇ ಉಸ್ತಾದರೂ. ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಘಾಟಿಯಲ್ಲಿ ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬುದು ಅವರ ಕಟ್ಟಪ್ಪಣೆಯಾಗಿತ್ತು. ಇಳಿಜಾರಿನಲ್ಲಿ ಬ್ರೇಕನ್ನೇ ನೆಚ್ಚಿಕೊಂಡರೆ ಅದರ ಲೈನಿಂಗ್ ಕಾದು ಹಿಡಿತ ಕಳೆದುಕೊಳ್ಳುತ್ತದೆಂಬ ಕಾರಣವನ್ನು ಅವರು ಎಂದೂ ವಿವರಿಸದಿದ್ದರೂ, ಕಾದ ಲೈನಿಂಗಿನ ಕಮಟು ವಾಸನೆ ಬಂದ ಕೂಡಲೇ ಗಾಡಿ ನಿಲ್ಲಿಸಿ ಚಕ್ರಕ್ಕೆ ಮರದ ತುಂಡು ಕೊಡಿಸಿ, ಅದು ತಣಿಯುವವರೆಗೆ ಯಾರನ್ನೂ ಒಳಗೆ ಹತ್ತಗೊಡುತ್ತಿರಲಿಲ್ಲ. ಮೈಸೂರಿನಲ್ಲಿ ಸರಕಿಳಿಸಲು ತಡವಾಯಿತೆಂದು ಮಾಲೀಕರು ರೇಗಿದರೂ ಈ ಪದ್ಧತಿ ಬದಲಾಗಲಿಲ್ಲ. ಇದೆಲ್ಲ ಈಗೇಕೆ ಎಂದು ಅಳಿಯನು ಕೇಳಬಹುದು, ಕೇಳಲಿ; ಉಸ್ತಾದರ ಬಲಗೈ ಹ್ಯಾಂಡ್‌ಬ್ರೇಕಿನ ಮೇಲೇಕಿತ್ತೆಂಬುದು ಎರಡು ಕಾರುಗಳನ್ನು ಹೋಲಿಸಿದರೆ ತಿಳಿಯುತ್ತದೆ.

ಮಸ್ಟಾಂಗ್ ಜಿಟಿಯ ಐದು ಲೀಟರ್ ಎಂಜಿನ್ ಸುಮಾರು 400 ಅಶ್ವಶಕ್ತಿಯದು, ಮಾರುತಿ 800ರ 796 ಸಿಸಿ ಎಂಜಿನ್ನಿನದು 40ಕ್ಕೂ ಕಡಿಮೆ. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ. ಒಣ ಡಾಂಬರಿನ ಮೇಲೆ ಗಂಟೆಗೆ 60 ಕಿ.ಮೀ.ಗೆ ಸುಮಾರು 20 ಮೀಟರ್ ಸಾಕಾದರೆ 120 ಕಿ.ಮೀ.ಗೆ 80 ಮೀಟರ್ ಬೇಕು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಸಾಗುವ ದೂರ ಬೇರೆ. ಹೊಸಬರು ಗಾಬರಿಯಲ್ಲಿ ಬ್ರೇಕೆಂದುಕೊಂಡು ಆಕ್ಸಿಲರೇಟರನ್ನೇ ತುಳಿಯುವುದು ಎಲ್ಲ ಡ್ರೈವಿಂಗ್ ಶಾಲೆಗಳಿಗೂ ಗೊತ್ತಿರುವ ಸಂಗತಿ. ಅಲ್ಲಿನ ಕಾರುಗಳಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುವುದು ಅದಕ್ಕಾಗಿಯೇ. ಮಾರುತಿಯಲ್ಲಿ ಆ ಬ್ರೇಕ್ ಇಲ್ಲದಿದ್ದರೂ ಎರಡು ಸೀಟುಗಳ ನಡುವೆ ಹ್ಯಾಂಡ್‌ಬ್ರೇಕ್ ಇದೆ, ತಪ್ಪು ತುಳಿತಕ್ಕೆ ಗಾಡಿ ತೆವಳುವುದೂ ಅಷ್ಟಕ್ಕಷ್ಟೆ, ಕ್ಲಚ್ ಎಡವಟ್ಟಾಗಿ ಬಿಟ್ಟರೆ ಆಫ್ ಆಗಿ ನಿಂತುಬಿಡುತ್ತದೆ. ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಮಸ್ಟಾಂಗಿನಲ್ಲಿ ಅದೇ ತಪ್ಪು ತುಳಿತವಾದಾಗ, ಅಳಿಯನ ಕೈ ಎಲ್ಲಿಗೆ ಹೋದರೂ ಅಷ್ಟರಲ್ಲಿ ಗಾಡಿ ಎದುರಿನ ಗೋಡೆಯನ್ನು ಸೇರಿರುತ್ತದೆ.

ಊರಿನ ರಸ್ತೆಗಳೂ ಆ ಕಾರಿಗೆ ಹೊಂದುವಂಥವಲ್ಲ. ಸುಗ್ಗಿಯಲ್ಲಿ ಹನೂರಿನ ಕಡೆ ಡಾಂಬರಿನ ಮೇಲೇ ಹುರುಳಿ, ರಾಗಿಯನ್ನು ಹರಡಿ ವಾಹನಗಳ ಚಕ್ರದಿಂದ ಒಕ್ಕಣೆ ಮಾಡಿಸುವ ರೂಢಿಯಿದ್ದು, ನೆಲಕ್ಕೆ ಅಂಟಿದಂತೆ ಓಡುವ ಕಾರಿನ ಬುಡಕ್ಕೆ ಆ ಬಳ್ಳಿ ಸುತ್ತಿಕೊಂಡು ಬಿಸಿ ತಗುಲಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವುಂಟು. ಯಳಂದೂರಿನ ರಸ್ತೆಯಲ್ಲಿ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು, ಶಿವರಾತ್ರಿ ಹತ್ತಿರವಾದಂತೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆ. ರಾತ್ರಿ ರಸ್ತೆಯ ಅಂಚಿನಲ್ಲೇ ಹೆಗಲ ಮೇಲೆ ಮಕ್ಕಳನ್ನು ಹೊತ್ತು ಸಾಗುವ ಆ ಜನರಿಗೆ ನಾಲ್ಕೈದು ಸೆಕೆಂಡಿನಲ್ಲಿ ನೂರು ಮುಟ್ಟುವ ಗಾಡಿಯನ್ನು ಎದುರಾಗಿಸುವುದು ಯಾವ ಪುರುಷಾರ್ಥಕ್ಕೆ?

ಕಾನೂನಿನ ಮಾತು ಚಿಕ್ಕದು. ಕಾರಿಗೆ ಕಲಿಕಾ ಪರವಾನಗಿ, ಅಂದರೆ ಎಲ್‌ಎಲ್, 18 ತುಂಬದೆ ಸಿಗುವುದಿಲ್ಲ, ಹುಡುಗಿಗೆ 18 ಆಗುವುದು ಶಿವರಾತ್ರಿ ಕಳೆದ ಮೇಲೆ. ಅಷ್ಟರೊಳಗೆ ಅವಳ ಕೈಯಲ್ಲಿ ಅಪರಾಧವೇನಾದರೂ ನಡೆದರೆ, ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಿಂದ ಸೇರಿದ 199ಎ ಕಲಮಿನಂತೆ ಪೋಷಕರು ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಹುಡುಗಿಗೆ 25 ವರ್ಷವಾಗುವವರೆಗೆ ಪರವಾನಗಿಯಿಲ್ಲ. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತಾಗ, ಜಾಮೀನಿನ ಷರತ್ತಾಗಿ 300 ಪದಗಳ ಪ್ರಬಂಧ ಬರೆಯಲು ಹೇಳಿದ್ದನ್ನು ಕೇಳಿ ದೇಶವೇ ಸಿಟ್ಟಿಗೆದ್ದಿತು. ತಂದೆಯೂ ಬಂಧನಕ್ಕೊಳಗಾದ ಆ ಪ್ರಕರಣವನ್ನು ಪತ್ರಿಕೆಯಲ್ಲಿ ಓದಿ ಛೀ ಎಂದ ಮನೆಯವರೇ ಇಂದು ಅಳಿಯನ ಮಾತಿಗೆ ತಲೆದೂಗುತ್ತಿರುವುದು ಸೋದರಮಾವನಿಗೆ ಅರ್ಥವಾಗದ ಸಂಗತಿ. ಸಾಲ ಮಾಡಿ ಕೊಂಡ ಕಾರನ್ನು ಊರಿಗೆ ತೋರಿಸುವ ಆಸೆಯಿದ್ದರೆ ತೋರಿಸಬಹುದು; ಅದಕ್ಕೆ ಹುಡುಗಿಯ ಕಲಿಕೆಯ ನೆಪ ಬೇಡ.

ಮಾತು ಖಾರವಾಗಿದ್ದರೆ ಅದು ಉಸ್ತಾದರಿಂದ ಅಂಟಿದ ರೋಗ. ಅಳಿಯನು ದುಡಿದು ಕೊಂಡ ಗಾಡಿಯ ಬಗ್ಗೆ ಮನೆಯಲ್ಲಿ ಎಲ್ಲರಿಗೂ ಹೆಮ್ಮೆಯಿದೆ, ಅದರ ಬಾನೆಟ್ ತೆರೆದು ನೋಡುವ ಆಸೆ ಸೋದರಮಾವನಿಗೂ ಉಂಟು. ಮಾರುತಿಗೆ ಹೊಸ ಬ್ಯಾಟರಿ ಹಾಕಿಸಿ, ಬ್ರೇಕ್ ಲೈನಿಂಗ್ ಬದಲಾಯಿಸಲು ಮೆಕ್ಯಾನಿಕ್ಕಿಗೆ ಹೇಳಿಯಾಗಿದೆ. ಎಲ್‌ಎಲ್ ಬಂದ ಮೇಲೆ ಮೊದಲ ಪಾಠಗಳು ವಾಹನಗಳಿಲ್ಲದ ಬಯಲಿನಲ್ಲಿ ಮೂವತ್ತರ ವೇಗ ಮೀರದಂತೆ ನಡೆಯಲಿ, ಹಿಂದೆ ಮುಂದೆ ಕೆಂಪಕ್ಷರದ ಎಲ್ ಫಲಕವಿರಲಿ. ಪರವಾನಗಿ ಸಿಕ್ಕಿ, ಒಂದು ಮಳೆಗಾಲವನ್ನು ಅವಳು ಆ ಹಳೆಯ ಗಾಡಿಯಲ್ಲಿ ಕಳೆದ ಮೇಲೆ ಅಳಿಯನು ಮಸ್ಟಾಂಗ್ ತರಲಿ. ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡಾದರೂ ಸೋದರಮಾವನು ಕೂರುತ್ತಾನೆ, ಪೆಟ್ರೋಲಿನ ಖರ್ಚು ಮಾತ್ರ ಅಳಿಯನದು.